ನಡಿಗೆ ಇರಲಿ, ಚೀಟಿ ಬೇಡ

"ನಡ್ಯಾಕ ರೊಕ್ಕ ಯಾಕ ಕೊಡಬೇಕೋ ತಮ್ಮಾ?" ಗಡಹಿಂಗ್ಲಜದಲ್ಲಿ ನೆರೆಮನೆಯ ಅಜ್ಜಿ ನನಗೆ ಕೇಳಿದ ಪ್ರಶ್ನೆ ಇದು. ಮೊಮ್ಮಗಳ ಕೈಯಲ್ಲಿ ಶಾಲೆಯವರು ಕೊಟ್ಟ ಚೀಟಿ ಇತ್ತು. ಹಿರಣ್ಯಕೇಶಿ ದಂಡೆಗುಂಟ ಎಂಟು ಕಿಲೋಮೀಟರ್ ಸಹಾಯಾರ್ಥ ನಡಿಗೆ. ಕಿಲೋಮೀಟರಿಗೆ ಇಂತಿಷ್ಟು ಎಂದು ಓಣಿಯವರಿಂದ ಬರೆಸಿಕೊಂಡು ಬರಬೇಕು. ಕೂಡಿದ ಹಣ ಬಡ ಮಕ್ಕಳ ಪುಸ್ತಕ, ಚೀಲಗಳಿಗೆ. ಅಜ್ಜಿ ಸವದತ್ತಿ ಎಲ್ಲಮ್ಮನಿಗೂ, ಜೋತಿಬಾನ ಗುಡ್ಡಕ್ಕೂ ಕಾಲ್ನಡಿಗೆಯಲ್ಲಿ ಹೋಗಿ ಬಂದಾಕೆ. ಅಲ್ಲಿ ನಡೆಯುವವರಿಗೆ ದಾರಿಯ ಊರವರು ಕರೆದು ಊಟ, ನೀರು ಕೊಡುತ್ತಾರೆ. ನಡೆಯುವವನೇ ಚೀಟಿ ಹಿಡಿದು ಮನೆಮನೆ ತಿರುಗುವುದನ್ನು ಆಕೆ ಕಂಡಿರಲಿಲ್ಲ.

ನಾನೂ ಆ ನಡಿಗೆಗೆ ಹೋಗಿದ್ದೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಡಿಸೆಂಬರಿನ ಬೆಳಗು, ಹೊಳೆಯ ಮೇಲೆ ಮಂಜು, ಎರಡೂ ಕಡೆ ಕಬ್ಬು, ದೂರದಲ್ಲಿ ಸಾಮಾನಗಡ. ಅಂಬೋಲಿ ಘಟ್ಟದಲ್ಲಿ ಹುಟ್ಟುವ ಈ ಹೊಳೆ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಹೋಗಿ, ಮುಂದೆ ಘಟಪ್ರಭೆ ಸೇರುತ್ತದೆ. ಮರಾಠಿಯಲ್ಲಿ ಹುಟ್ಟಿ ಕನ್ನಡದಲ್ಲಿ ಬೆಳೆಯುವ ಹೊಳೆ ಎನ್ನಿ. ನಮ್ಮ ಮಕ್ಕಳದು ಇದರ ಉಲ್ಟಾ. ಮನೆಯಲ್ಲಿ 'ಹೊಳಿ', ಶಾಲೆಯಲ್ಲಿ 'ನದಿ'. ಅವತ್ತು ಎರಡೂ ಮಾತು ಒಟ್ಟಿಗೆ ಕೇಳಿದವು. ಒಂದು ಬಂಧಾರದ ಹತ್ತಿರ ನಿಂತು ಮಾಸ್ತರರು ಚೆನ್ನಾಗಿ ವಿವರಿಸಿದರು: ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಬರಗೆ ಕೂಡ್ರಿಸಿ ನೀರು ನಿಲ್ಲಿಸುತ್ತಾರೆ, ಮಳೆ ಬರುವ ಮುಂಚೆ ಕಿತ್ತು ತೆಗೆಯುತ್ತಾರೆ. 'ಕೊಲ್ಹಾಪುರ ಮಾದರಿ ಬಂಧಾರ' ಎಂದು ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಬರುವುದು ಇದೇ. ತರಗತಿಯಲ್ಲಿ ಹತ್ತು ಸಲ ಓದಿದರೂ ತಲೆಗೆ ಹೋಗದ್ದು ಅಲ್ಲಿ ಐದು ನಿಮಿಷದಲ್ಲಿ ಹೋಯಿತು.

ಎಲ್ಲರಿಗಿಂತ ಮುಂದೆ ಒಬ್ಬ ಹುಡುಗ ನಡೆಯುತ್ತಿದ್ದ. ತಂದೆ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ, ತಾಯಿ ಕೂಲಿಗೆ. ಎಲ್ಲಿ ಜಾರುತ್ತದೆ, ಎಲ್ಲಿ ದಾಟಬಹುದು ಎಲ್ಲ ಅವನಿಗೆ ಗೊತ್ತು. ಸಣ್ಣವರ ಕೈ ಹಿಡಿದು ದಾಟಿಸಿದವನೂ ಅವನೇ.

ಕೊನೆಗೆ ಮರದ ಕೆಳಗೆ ಎಲ್ಲರನ್ನೂ ಕೂಡ್ರಿಸಿ, ಹೆಸರು ಕರೆದು, ಯಾರು ಎಷ್ಟು ಹಣ ತಂದರು ಎಂದು ಓದಿದರು. ಅಂಗಡಿಕಾರರ ಮಗನಿಗೆ ಮೊದಲ ಬಹುಮಾನ, ಚಪ್ಪಾಳೆ. ಈ ಹುಡುಗನ ಚೀಟಿ ಖಾಲಿ. "ನಿಂದು?" ಅಂದರು. ಅವ ಎದ್ದು ನಿಂತ, ಏನೂ ಅನ್ನಲಿಲ್ಲ, ಕುಳಿತ. ವಿಚಿತ್ರ ಎಂದರೆ, ಕೂಡಿದ ಹಣದಿಂದ ಪುಸ್ತಕ ಪಡೆಯುವವರ ಯಾದಿಯಲ್ಲಿ ಅವನ ಹೆಸರೂ ಇತ್ತು! ಯಾರಿಗಾಗಿ ನಡೆದೆವೋ ಅವನನ್ನೇ ನಾಲ್ಕು ಮಂದಿಯ ಮುಂದೆ ಎಬ್ಬಿಸಿ ನಿಲ್ಲಿಸಿದೆವು. ನಾನೂ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬ.

ಚೀಟಿ ಇಲ್ಲದಿದ್ದರೆ ಹಣ ಬರುವುದಿಲ್ಲ, ಪೈಪೋಟಿ ಇದ್ದರೇ ಮಕ್ಕಳಿಗೆ ಹುರುಪು ಎಂದು ಸಂಘಟಕರು ಹೇಳುತ್ತಾರೆ. ಅರ್ಧ ನಿಜ. ಆದರೆ ಆ ಪೈಪೋಟಿ ಮಕ್ಕಳದ್ದಲ್ಲ, ಅಪ್ಪಂದಿರ ಕಿಸೆಗಳದ್ದು. ಹಣ ಬೇಕಾದರೆ ಪಾಲಕರ ಸಭೆಯಲ್ಲಿ ಕೇಳಲಿ, ಹೆಸರಿಲ್ಲದ ಒಂದು ಡಬ್ಬಿ ಇಡಲಿ. ಕೊಡುವವರು ಕೊಡುತ್ತಾರೆ. ಮಗುವಿನ ಕೈಗೆ ಮಾತ್ರ ರಸೀದಿ ಪುಸ್ತಕ ಬೇಡ. ಇನ್ನೊಂದು ಮಾತು, ಬಿ.ಕಾಂ. ಓದಿದವನ ಚಟ ಎಂದುಕೊಳ್ಳಿ: ಟೀ ಶರ್ಟ್, ಬ್ಯಾನರ್, ಟ್ರೋಫಿಗೆ ಎಷ್ಟು ಹೋಯಿತು, ಪುಸ್ತಕಕ್ಕೆ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಫಲಕದ ಮೇಲೆ ಹಚ್ಚಲಿ. ಮರಾಠಿಯಲ್ಲಿ ಹಚ್ಚಲಿ, ಕೆಳಗೆ ಕನ್ನಡದಲ್ಲೂ ಇರಲಿ. ಅಜ್ಜಿಯಂಥವರ ಮನೆಯಲ್ಲಿ ಯಾರಾದರೂ ಓದಿ ಹೇಳುತ್ತಾರೆ.

ಕೊಲ್ಹಾಪುರ, ಇಚಲಕರಂಜಿ ಕಡೆಯ ಪರಿಚಯದವರು ತಮ್ಮ ಪಂಚಗಂಗೆಗುಂಟ ಹೀಗೆ ಮಾಡಬಹುದೇ ಎಂದು ಕೇಳುತ್ತಾರೆ. ಮಾಡಬಹುದು. 2021ರ ಸೆಪ್ಟೆಂಬರಿನಲ್ಲಿ ರಾಜು ಶೆಟ್ಟಿ ನೆರೆ ಪರಿಹಾರಕ್ಕಾಗಿ ಪ್ರಯಾಗ ಚಿಖಲಿಯಿಂದ ನರಸೋಬವಾಡಿವರೆಗೆ ರೈತರೊಂದಿಗೆ ನಡೆದೇ ಹೋದರಲ್ಲ. ಚಿಖಲಿ ಸಂಗಮದ ಕಡೆ ನೋಟ ಚಂದ, ಶಾಲೆಯವರಿಗೆ ಅದೇ ಇಷ್ಟವಾಗುತ್ತದೆ. ದೊಡ್ಡ ಮಕ್ಕಳನ್ನಾದರೂ ಇಚಲಕರಂಜಿಯ ಕೆಳಗಿನ ದಂಡೆಗೂ ಕರೆದೊಯ್ಯಿರಿ ಎನ್ನುತ್ತೇನೆ. ಚರಂಡಿ, ಬಣ್ಣದ ನೀರು ಸೇರಿದ ಹೊಳೆ ಹೇಗಿರುತ್ತದೆ ಎಂದು ನೋಡಲಿ. 2012ರಲ್ಲಿ ಆ ಊರಲ್ಲಿ ಕಾಮಾಲೆ ಹಬ್ಬಿ ಜನ ಸತ್ತದ್ದು ಈ ಮಕ್ಕಳಿಗೆ ಗೊತ್ತಿಲ್ಲ, ಮನೆಯವರಿಗೆ ಗೊತ್ತಿದೆ.

ಹೊತ್ತು, ಕಾಲ ಮಾತ್ರ ನೋಡಿಕೊಳ್ಳಬೇಕು. ಜುಲೈ, ಆಗಸ್ಟ್‌ನಲ್ಲಿ ಹಸಿರು ಚಂದ ಎಂದು ಹೊಳೆ ದಂಡೆಗೆ ಮಕ್ಕಳನ್ನು ಕಳಿಸುವುದು ಹುಚ್ಚುತನ. ರಾಜಾರಾಮ ಬಂಧಾರದಲ್ಲಿ ಅಪಾಯದ ಮಟ್ಟ 43 ಅಡಿ, 2019ರಲ್ಲೂ 2021ರಲ್ಲೂ ಪಂಚಗಂಗೆ 55 ಅಡಿ ದಾಟಿತ್ತು. ನಮ್ಮ ಭಡಗಾವ ಸೇತುವೆ ಮುಳುಗಿ ಚಂದಗಡದ ದಾರಿ ಬಂದ್ ಆಗುವುದನ್ನು ಎಷ್ಟು ಸಲ ನೋಡಿಲ್ಲ! ಡಿಸೆಂಬರ್, ಜನವರಿ ಒಳ್ಳೆಯದು. ಆದರೆ ಆಗ ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಡಾಂಬರು ರಸ್ತೆ ತುಂಬ. ರಸ್ತೆ ದಾಟುವ ಕಡೆ ಇಬ್ಬರು ದೊಡ್ಡವರು ನಿಲ್ಲಲೇಬೇಕು, ಬಂಧಾರದ ಮೇಲೆ ಸಾಲಾಗಿ ಒಬ್ಬೊಬ್ಬರೇ ಹೋಗಬೇಕು. ಪಾಲಕರು ಚೀಟಿಗೆ ಸಹಿ ಹಾಕಿ ಮನೆಯಲ್ಲಿ ಕೂಡ್ರುವ ಬದಲು ಜೊತೆಗೆ ನಡೆದರೆ ಇದೇನು ಕಷ್ಟದ ಕೆಲಸವಲ್ಲ.

ಆ ಅಜ್ಜಿಗೆ ನಡೆದದ್ದನ್ನು ಹೇಳಿದೆ. "ಆ ಹುಡುಗ ಉಂಡನೇನ?" ಅಂದಳು. ಅದನ್ನು ನಾನು ನೋಡಿರಲಿಲ್ಲ.

ಮುಂದಿನ ನಡಿಗೆಯ ಮಾತು ಈಗಲೇ ಸುರುವಾಗಿದೆ. ಚೀಟಿಗಳು ಅಚ್ಚಿಗೆ ಹೋಗುವ ಮೊದಲು ಪಾಲಕರ ಸಭೆ ಕರೆಯುತ್ತಾರಂತೆ. ಅವತ್ತು ಕೆಲಸ ಬಿಟ್ಟಾದರೂ ಹೋಗಿ, ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ, ಎದ್ದು ಹೇಳಿ.