ತೆರೆದ ಬಾಗಿಲನ್ನು ಕಾಯುವವರು ಯಾರು?

ಕುದ್ಮುಲ್ ರಂಗರಾಯರ ಹೆಸರನ್ನು, ತುಳುನಾಡಿನಿಂದ ಹೊರಟು ಭಿವಂಡಿ, ಕಲ್ಯಾಣ, ಠಾಣೆಗಳಲ್ಲಿ ನೆಲೆಸಿದ ನಮ್ಮ ಹೋಟೆಲು ನೌಕರ ಬಂಧುಗಳಲ್ಲಿ ಎಷ್ಟು ಮಂದಿ ಕೇಳಿರುವರೋ ನಾವರಿಯೆವು. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ರಜೆಯಲ್ಲಿ ಊರಿಗೆ ಹೋದವರು ಅದರ ಮುಂದೆಯೇ ಹಾದುಹೋಗಿರಬಹುದು.

ಕಾಸರಗೋಡಿನ ಕುದ್ಮುಲಿನಲ್ಲಿ ೧೮೫೯ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಈ ಮಹನೀಯರು ಮಂಗಳೂರಿಗೆ ಬಂದು ಉಪಾಧ್ಯಾಯರಾದರು, ಬಳಿಕ ವಕೀಲರಾದರು. ೧೮೯೨ರಲ್ಲಿ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆ ತೆರೆದರು. ತೆರೆಯುವುದಕ್ಕಿಂತ ಅದು ಮುಚ್ಚದಂತೆ ನೋಡಿಕೊಳ್ಳುವುದೇ ಅವರಿಗೆ ಹೆಚ್ಚು ಕಷ್ಟವಾಯಿತು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಕಲಿಸಲು ಮೇಲ್ಜಾತಿಯ ಉಪಾಧ್ಯಾಯರು ದೊರೆಯದಾದರು. ವಿರೋಧ ಬಲಿತಾಗ ಶಾಲೆಯು ಸ್ಥಳದಿಂದ ಸ್ಥಳಕ್ಕೆ ಬದಲಾಗಬೇಕಾಯಿತು. ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ, ಅಕ್ಷರದ ಜೊತೆಗೆ ಕೈಕಸುಬನ್ನೂ ಕಲಿಸುವ ಏರ್ಪಾಡು ಮಾಡಿದರು. ೧೯೨೮ರ ಜನವರಿಯಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ, ದಲಿತರೇ ಅವರ ದೇಹವನ್ನು ಹೊತ್ತರು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಅಧಿಕಾರಿಯಾಗಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಹಾರೈಕೆಯಾಗಿತ್ತು. ಮೂವತ್ತಾರು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡ ಮನುಷ್ಯನ ಹಾರೈಕೆಯಿದು.

ಹಕ್ಕು ಕಾಗದಕ್ಕೆ ಬಂದರೆ ಸಾಕು, ಬಳಕೆಗೆ ತಾನಾಗಿ ಬರುತ್ತದೆಂದು ನಂಬುವವರು ನಮ್ಮ ಈ ಕೊಂಕಣ ಸೀಮೆಯ ಮಹಾಡನ್ನು ನೋಡಬೇಕು. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂಬ ಬೋಳೆಯವರ ಠರಾವನ್ನು ಮುಂಬಯಿ ಶಾಸನಸಭೆ ೧೯೨೩ರಲ್ಲೇ ಒಪ್ಪಿತ್ತು. ಮಹಾಡದ ಪುರಸಭೆಯೂ ಚವದಾರ ಕೆರೆಯನ್ನು ತೆರೆದಿರುವುದಾಗಿ ಸಾರಿತ್ತು. ಆದರೂ ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡಕರರು ಜನರೊಡನೆ ಹೋಗಿ ಆ ನೀರು ಕುಡಿದಾಗ ಪೆಟ್ಟುಗಳು ಬಿದ್ದವು, ಕೆರೆಗೆ ಶುದ್ಧಿ ನಡೆಯಿತು, ಅದೇ ವರ್ಷ ಪುರಸಭೆ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಬರಲು ೧೯೩೭ರ ಮಾರ್ಚಿಯವರೆಗೆ ಕಾಯಬೇಕಾಯಿತು.

ದೂರದ ಅಮೆರಿಕದಲ್ಲಿಯೂ ಇದೇ ಕಥೆ. ಟೆಕ್ಸಾಸಿನ ಆಸ್ಟಿನ್ ನಗರದ ಲಯನ್ಸ್ ಗಾಲ್ಫ್ ಮೈದಾನಕ್ಕೆ ೧೯೫೦ರ ಕೊನೆಯಲ್ಲಿ, ಪರರ ಆಟದ ಚೀಲ ಹೊರುತ್ತಿದ್ದ ಇಬ್ಬರು ಕಪ್ಪು ಹುಡುಗರು ತಾವೇ ಆಡಲು ಇಳಿದರು. ನಗರದವರು ತಡೆಯದೆ ಬಿಟ್ಟರು. ಇತರರಿಗಾಗಿ ದುಡಿದು ತಾನು ಕೂರದ ಹೋಟೆಲು ಹುಡುಗನಿಗೆ ಈ ಮಾತಿನ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ. ಆ ಮೈದಾನಕ್ಕೆ ೨೦೧೬ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಎಡೆ ದೊರೆಯಿತು. ಆದರೆ ನೆಲ ವಿಶ್ವವಿದ್ಯಾಲಯದ್ದು. ನೆಲಕ್ಕೆ ಬೆಲೆ ಬಂದಿದೆ. ಉಳಿಸಲು ಜನ ಇಂದಿಗೂ ಹೆಣಗಬೇಕಾಗಿದೆ. ಹಿಂದೆ ಜಾತಿಯೂ ಬಣ್ಣವೂ ಮುಚ್ಚುತ್ತಿದ್ದ ಬಾಗಿಲನ್ನು ಈಗ ಭೂಮಿಯ ಬೆಲೆ ಮುಚ್ಚುತ್ತದೆ, ಅಥವಾ ನಮ್ಮ ಅಲಕ್ಷ್ಯ ಮುಚ್ಚುತ್ತದೆ.

ನಮ್ಮ ಪಾಲಿನ ಅಂಥ ಬಾಗಿಲು ರಾತ್ರಿಶಾಲೆ. ಹಗಲೆಲ್ಲ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಮುಂಬಯಿಯ ಕನ್ನಡ ಶಾಲೆಗಳ ಬೆಂಚಿನಲ್ಲಿ ತೂಕಡಿಸುತ್ತಲೇ ಓದಿ, ಗುಮಾಸ್ತರೂ ವಕೀಲರೂ ಹೋಟೆಲು ಮಾಲೀಕರೂ ಆದ ಒಂದು ತಲೆಮಾರೇ ನಮ್ಮಲ್ಲಿತ್ತು. ಇಂದು ಆ ಶಾಲೆಗಳು ವಿರಳವಾಗಿವೆ. ನಮ್ಮ ಸಂಘಗಳಿಗಾದರೋ ಭವನಗಳಿವೆ, ಆದರೆ ಹೆಚ್ಚಿನವು ಒಂದೊಂದು ಜಾತಿಯ ಹೆಸರಿನವು. ಅವು ವಿದ್ಯಾರ್ಥಿವೇತನ ಕೊಟ್ಟು ಮಾಡಿದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಕೇಳದೆ ವಿಧಿಯಿಲ್ಲ: ಒಂದೇ ಒಲೆಯ ಮುಂದೆ ಬೆವರು ಸುರಿಸುವ ಕುಂದಾಪುರದ ಹುಡುಗನೂ, ಕಲಬುರ್ಗಿಯ ಹುಡುಗನೂ, ಈಗ ನಮ್ಮ ಅಡುಗೆಮನೆಗಳಿಗೆ ಬರುತ್ತಿರುವ ಒಡಿಶಾದ, ನೇಪಾಳದ ಹುಡುಗರೂ ಆ ಭವನದ ಮೆಟ್ಟಿಲು ಹತ್ತಿದರೆ ಮೊದಲು ಕೇಳುವ ಪ್ರಶ್ನೆ ಯಾವುದು? ಹೋಟೆಲಿಗೆ ಬರುವ ಗಿರಾಕಿಯ ಜಾತಿಯನ್ನು ಕೇಳಕೂಡದೆಂದು ಸಂವಿಧಾನದ ಹದಿನೈದನೆಯ ವಿಧಿ ೧೯೫೦ರಿಂದಲೇ ಹೇಳುತ್ತಿದೆ. ಹೋಟೆಲಿನೊಳಗೆ ದುಡಿಯುವವನು ಓದಲು ಬಂದರೆ ಆ ಪ್ರಶ್ನೆ ಏಕೆ?

ಹುಡುಗರಿಗೇ ಓದು ಬೇಡ, ಕೈಯಲ್ಲಿ ಮೊಬೈಲು ಇದ್ದರೆ ಸಾಕು ಎಂದು ಧಣಿಗಳು ಹೇಳುವುದುಂಟು. ಹದಿನಾಲ್ಕು ಗಂಟೆ ನಿಂತವನಿಗೆ ಮೊಬೈಲಲ್ಲದೆ ಬೇರೇನು ಬೇಕೆನಿಸೀತು? ಪಾಳಿಯನ್ನು ಹೊಂದಿಸಿ ವಾರಕ್ಕೆ ಮೂರು ದಿನ ಎರಡೆರಡು ಗಂಟೆ ಬಿಡುವು ಕೊಡಲಿ, ಆಮೇಲೆ ಈ ಮಾತಾಡಲಿ. ಶಾಲೆ ಬಿಟ್ಟವರಿಗೆ ಮುಕ್ತ ಶಾಲೆಯ ಹತ್ತನೆಯ ತರಗತಿಯ ಪರೀಕ್ಷೆಯಿದೆ. ಅರ್ಜಿ ತುಂಬಿಸಿ, ಲೆಕ್ಕವನ್ನೂ ಇಂಗ್ಲಿಷನ್ನೂ ಕಲಿಸಲು ನಮ್ಮ ಗುಮಾಸ್ತ ಬಂಧುಗಳಿಗಿಂತ ತಕ್ಕವರು ಯಾರು? ಸಂಘಗಳು ಕೊಡಬೇಕಾದದ್ದು ಒಂದು ಕೋಣೆ, ಒಂದು ಕರಿಹಲಗೆ, ರಾತ್ರಿಯ ದೀಪದ ಖರ್ಚು. ಮದುವೆಯ ಬಾಡಿಗೆ ಬಾರದ ದಿನಗಳಲ್ಲಿ ಭಿವಂಡಿಯ ಒಂದು ಸಭಾಗೃಹವಾದರೂ ಈ ಜೂನ್ ತಿಂಗಳಿನಿಂದ ಇದಕ್ಕೆ ಒದಗಲಿ. ಪ್ರವೇಶದ ಪುಸ್ತಕದಲ್ಲಿ ಹೆಸರು, ವಯಸ್ಸು, ಕೆಲಸದ ಸ್ಥಳ ಇವಿಷ್ಟಕ್ಕೇ ಗೆರೆ ಹಾಕಿರಲಿ.