ಯಾರ ಶಕ್ತಿಯಿಂದ? ಹರದೇಶಿ–ನಾಗೇಶಿ ವಾದದ ಒಳಗುಟ್ಟು

ಮಧು–ಕೈಟಭರನ್ನು ಕೊಂದವರು ಯಾರು? ಪುರಾಣ ಕೇಳಿ ಬೆಳೆದ ಯಾರೇ ಆದರೂ ವಿಷ್ಣು ಎನ್ನುತ್ತಾರೆ. ನಾಗೇಶಿ ಮೇಳದ ಮುಂದೆ ಹಾಗೆ ಹೇಳಿ ನೋಡಿ, ಡಪ್ಪಿನ ಪೆಟ್ಟಿನ ಜೊತೆಗೇ ಮರುಸವಾಲು ಬರುತ್ತದೆ: ‘ಮಲಗಿದವನ್ನ ಎಬ್ಬಿಸಿದಾಕಿ ಯಾರು?’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುವ ಹಾಡಿಕೆ ಇದು. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಗೀಗೀ ಮೇಳವಾದರೆ ಡಪ್ಪು, ತುಂತುಣಿ, ತಾಳ. ಡೊಳ್ಳಿನ ಮೇಳವಾದರೆ ಡೊಳ್ಳೇ ಮುಂದು. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎನ್ನುತ್ತಾರೆ. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುತ್ತಾರೆ. ಹೆಣ್ಣುಮಕ್ಕಳ ಮೇಳ ಬಂದರೆ ಸಾಮಾನ್ಯವಾಗಿ ನಾಗೇಶಿ ಅವರ ಪಾಲು. ಗಂಡಸರು ನಾಗೇಶಿ ಹಾಡುವುದೂ ಉಂಟು, ಗುರು ಯಾವ ಕಡೆಯವನೋ ಶಿಷ್ಯನೂ ಆ ಕಡೆ. ಭೀಮೆಯಾಚೆ ಮರಾಠಿ ಲಾವಣಿಕಾರರಲ್ಲಿ ಇದೇ ವಾದಕ್ಕೆ ತುರಾ–ಕಲಗಿ ಎಂಬ ಹೆಸರಿದೆ. ಮಧ್ಯಭಾರತ, ರಾಜಸ್ಥಾನದವರೆಗೂ ಅದರ ಬಳ್ಳಿ ಹಬ್ಬಿದೆ. ತುಕನಗೀರ್ ಎಂಬ ಸಾಧು, ಶಾಹ ಅಲಿ ಎಂಬ ಫಕೀರ ಇಬ್ಬರೂ ಹಾಡಿ ಗೆದ್ದಾಗ ರಾಜನೊಬ್ಬ ತನ್ನ ಪಗಡಿಯ ತುರಾಯಿಯನ್ನು ಒಬ್ಬನಿಗೆ, ಕಲಗಿಯನ್ನು ಇನ್ನೊಬ್ಬನಿಗೆ ಕೊಟ್ಟ ಎಂಬ ಐತಿಹ್ಯ ಅಲ್ಲಿ ಪ್ರಚಲಿತ.

ಹೊರಗಿನಿಂದ ನೋಡಿದವರಿಗೆ ಇದು ಗಂಡ–ಹೆಂಡಿರ ಜಗಳವನ್ನು ದೇವರ ಮೇಲೆ ಹಾಕಿ ಹಾಡಿದಂತೆ ಕಾಣುತ್ತದೆ. ಸ್ವಲ್ಪ ಓದಿದವರಿಗೆ ಮೂಢನಂಬಿಕೆಯ ಮೆರವಣಿಗೆಯಂತೆ ಕಾಣಬಹುದು. ಎರಡೂ ಅರ್ಧ ಸತ್ಯ. ಪುರಾಣಲೋಕದಲ್ಲಿ ಪವಾಡ ನಡೆಯಿತೋ ಇಲ್ಲವೋ ಎಂಬುದು ಇಲ್ಲಿಯ ಪ್ರಶ್ನೆಯೇ ಅಲ್ಲ. ನಡೆಯಿತು ಎಂದು ಇಬ್ಬರೂ ಒಪ್ಪಿಯೇ ಕೂತಿದ್ದಾರೆ. ಹೇಗೆ ನಡೆಯಿತು, ಯಾರ ಬಲದಿಂದ ನಡೆಯಿತು ಎಂಬುದಷ್ಟೇ ಜಗಳ. ಎದುರಾಳಿ ಎತ್ತಿದ ಪ್ರಸಂಗವನ್ನು ‘ಸುಳ್ಳು’ ಎನ್ನುವಂತಿಲ್ಲ. ಹಾಗೆಂದ ಮೇಳ ಅಲ್ಲಿಗೇ ಸೋತಂತೆ. ಪ್ರಸಂಗವನ್ನು ಹಾಗೇ ಇಟ್ಟುಕೊಂಡು ಅದರ ಕಾರಣವನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು.

ಇಂಥ ಆಟವನ್ನು ಈಗ ಜಗತ್ತಿನ ಬೇರೆ ಮೂಲೆಗಳಲ್ಲೂ ಆಡುತ್ತಾರೆ. ಹ್ಯಾರಿ ಪಾಟರ್ ಓದಿದ ಮಕ್ಕಳು ಮಂತ್ರದಂಡ ಯಾರ ಮಾತು ಕೇಳುತ್ತದೆ, ಏಕೆ ಕೇಳುತ್ತದೆ ಎಂದು ತಾಸುಗಟ್ಟಲೆ ವಾದಿಸುತ್ತಾರೆ. ಬ್ರಾಂಡನ್ ಸ್ಯಾಂಡರ್ಸನ್ ಎಂಬ ಅಮೆರಿಕದ ಕಾದಂಬರಿಕಾರ ಹತ್ತಾರು ಪುಸ್ತಕಗಳನ್ನು ಒಂದೇ ವಿಶ್ವದಲ್ಲಿ ಹೆಣೆದಿದ್ದಾನೆ. ಆ ವಿಶ್ವದಲ್ಲಿ ಮಾಯಾಶಕ್ತಿಯ ಮೂಲ ಯಾವುದು ಎಂಬ ಊಹೆ ಅವನ ಓದುಗರಿಗೆ ಕಥೆಯಷ್ಟೇ ರುಚಿ. 1911ರಲ್ಲಿ, ಮುಂದೆ ಪಾದ್ರಿಯಾದ ರೊನಾಲ್ಡ್ ನಾಕ್ಸ್ ಆಕ್ಸ್‌ಫರ್ಡಿನಲ್ಲಿ ಷೆರ್ಲಾಕ್ ಹೋಮ್ಸ್ ಕಥೆಗಳನ್ನು ಧರ್ಮಗ್ರಂಥದ ವ್ಯಾಖ್ಯಾನದ ಧಾಟಿಯಲ್ಲಿ ಬಿಡಿಸಿ ತಮಾಷೆಯ ಪ್ರಬಂಧ ಓದಿದ. ಕಥೆಯಲ್ಲಿ ಒಂದಕ್ಕೊಂದು ತಾಳೆಯಾಗದ ಜಾಗ ಸಿಕ್ಕರೆ ಲೇಖಕ ಮರೆತಿರಬೇಕು ಎಂದು ಬಿಟ್ಟುಬಿಡದೆ ಕಥೆಯ ಒಳಗೇ ಕಾರಣ ಹುಡುಕುವ ಚಾಳಿ ಅಲ್ಲಿಂದ ಬೆಳೆಯಿತು. ನಮ್ಮ ಮೇಳಗಳು ಯಾರನ್ನೂ ನೋಡಿ ಕಲಿಯದೆ ಇದೇ ಶಿಸ್ತನ್ನು ಪಾಲಿಸುತ್ತ ಬಂದಿವೆ. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಅವರಿಗೆ ಅದು ಕಟ್ಟುಕಥೆ, ಇವರಿಗೆ ದೇವರು. ನಂಬಿದ ಲೋಕದ ಬಗ್ಗೆ ಇಷ್ಟು ಸಲುಗೆಯಿಂದ ತರ್ಕ ಮಾಡಬಹುದು ಎಂಬುದೇ ನನಗೆ ಬೆರಗು.

ಮಧು–ಕೈಟಭರ ವಾದವನ್ನೇ ಬಿಡಿಸಿ ನೋಡೋಣ. ಉತ್ತರ ಕರ್ನಾಟಕದಲ್ಲಿ ನವರಾತ್ರಿಗೆ ಚಿದಾನಂದಾವಧೂತರ ದೇವಿಪುರಾಣ ಓದಿಸುವ ರೂಢಿ ಇರುವುದರಿಂದ ಕೇಳುಗರಿಗೆ ಕಥೆ ಗೊತ್ತೇ ಇದೆ. ವಿಷ್ಣು ಯೋಗನಿದ್ರೆಯಲ್ಲಿದ್ದಾನೆ. ಅವನ ಕಿವಿಯ ಕೊಳೆಯಿಂದ ಇಬ್ಬರು ರಾಕ್ಷಸರು ಹುಟ್ಟಿ ಬ್ರಹ್ಮನನ್ನು ಕೊಲ್ಲಲು ಬರುತ್ತಾರೆ. ಬ್ರಹ್ಮ ವಿಷ್ಣುವನ್ನು ಕೂಗುವುದಿಲ್ಲ, ಅವನ ಕಣ್ಣಿನ ಮೇಲೆ ಕೂತಿರುವ ನಿದ್ರಾದೇವಿಯನ್ನು ಬೇಡಿಕೊಳ್ಳುತ್ತಾನೆ. ಅವಳು ಬಿಟ್ಟ ಮೇಲೆ ವಿಷ್ಣು ಏಳುತ್ತಾನೆ, 5000 ವರ್ಷ ಕಾದಾಡುತ್ತಾನೆ, ಗೆಲ್ಲುವುದಿಲ್ಲ. ಕೊನೆಗೆ ದೇವಿ ರಾಕ್ಷಸರಿಗೆ ಮರುಳು ಕವಿಸುತ್ತಾಳೆ. ಸೊಕ್ಕಿದ ಅವರು ವಿಷ್ಣುವಿಗೇ ವರ ಕೊಡಲು ಹೋಗುತ್ತಾರೆ. ‘ನೀವು ನನ್ನ ಕೈಯಿಂದ ಸಾಯಬೇಕು’ ಎಂದು ಅವನು ಕೇಳುತ್ತಾನೆ. ಸುತ್ತ ಬರೀ ನೀರು. ನೀರಿಲ್ಲದ ಜಾಗದಲ್ಲಿ ಕೊಲ್ಲು ಎಂದು ಅವರು ಕರಾರು ಹಾಕುತ್ತಾರೆ. ಅವನು ತನ್ನ ತೊಡೆಯ ಮೇಲೆ ಇಟ್ಟು ಕೊಲ್ಲುತ್ತಾನೆ.

ನಾಗೇಶಿಯ ವಾದ ಸರಳ: ಎಬ್ಬಿಸಿದವಳೂ ಅವಳೇ, ಬುದ್ಧಿ ಕೆಡಿಸಿದವಳೂ ಅವಳೇ, ವಿಷ್ಣುವಿನದು ತೊಡೆ ಮಾತ್ರ. ಹರದೇಶಿ ಇದನ್ನು ಅಲ್ಲಗಳೆಯದೆ ಮುಂದಿನ ಅಧ್ಯಾಯಕ್ಕೆ ಹಾರಬೇಕು. ಮಹಿಷಾಸುರನನ್ನು ಕೊಲ್ಲಲು ಬಂದ ದೇವಿ ಹೇಗೆ ಹುಟ್ಟಿದಳು? ಶಿವನ ತೇಜಸ್ಸು ಮುಖವಾಯಿತು, ವಿಷ್ಣುವಿನ ತೇಜಸ್ಸು ತೋಳಾಯಿತು. ತ್ರಿಶೂಲ ಶಿವನದು, ಚಕ್ರ ವಿಷ್ಣುವಿನದು. ಕೈಗಡ ತಂದ ಬಲದಿಂದ ಗೆದ್ದವಳನ್ನು ಹೆಚ್ಚು ಎನ್ನುವುದು ಹೇಗೆ? ಬಿಗಿಯಾದ ಏಟು. ಆದರೆ ಪುರಾಣ ಬಲ್ಲ ನಾಗೇಶಿ ಹಾಡುಗಾರ್ತಿ ಇದಕ್ಕೇ ಕಾದಿರುತ್ತಾಳೆ. ಏಕೆಂದರೆ ಈ ಆಕ್ಷೇಪವನ್ನು ಅದೇ ಪುರಾಣದಲ್ಲಿ ಮೊದಲು ಎತ್ತಿದವನು ಶುಂಭಾಸುರ. ಬೇರೆಯವರ ಬಲ ಹಿಡಿದು ಕಾದುತ್ತೀ ಎಂದು ಅವನು ಹಂಗಿಸಿದಾಗ, ಜಗತ್ತಿನಲ್ಲಿ ಇರುವವಳು ನಾನೊಬ್ಬಳೇ ಎಂದು ದೇವಿ ತನ್ನ ಸುತ್ತಲಿನ ಶಕ್ತಿಗಳನ್ನೆಲ್ಲ ಒಳಗೆ ಸೆಳೆದುಕೊಳ್ಳುತ್ತಾಳೆ. ಹರದೇಶಿಯವನು ತನಗೆ ಅರಿವಿಲ್ಲದೆ ಶುಂಭನ ಪಕ್ಕದಲ್ಲಿ ಹೋಗಿ ನಿಂತಿರುತ್ತಾನೆ. ದೇವರು ದೇವಿಗೆ ಕೊಟ್ಟದ್ದು ಅವಳಿಂದಲೇ ಪಡೆದದ್ದು ಎಂದಾದರೆ, ಕೈಗಡ ಯಾರದು?

ಗಮನಿಸಬೇಕಾದದ್ದು ಈ ತರ್ಕದ ಅಡಿಗಲ್ಲು. ಶಕ್ತಿಗೆ ಲೆಕ್ಕವಿದೆ ಎಂದು ಎರಡೂ ಕಡೆ ಒಪ್ಪಿವೆ. ಅಡತಿ ಅಂಗಡಿಯ ಖಾತೆಯಂತೆ ಜಮಾ ಒಂದು ಕಡೆ, ಖರ್ಚು ಒಂದು ಕಡೆ. ತಪಸ್ಸು ಜಮಾ; ಶಾಪ, ಸಿಟ್ಟು ಖರ್ಚು. ವಿಶ್ವಾಮಿತ್ರ ಮೇನಕೆಯಿಂದ ಒಮ್ಮೆ ಬರಿದಾದ. ಮತ್ತೆ ಕೂಡಿಸಿಕೊಂಡು ರಂಭೆಯನ್ನು ಶಪಿಸಿ ಇನ್ನೊಮ್ಮೆ ಬರಿದಾದ. ವರಕ್ಕೆ ಅಕ್ಷರವೇ ಕಾಯಿದೆ, ಕೊಟ್ಟವನೂ ಮೀರುವಂತಿಲ್ಲ. ಭಸ್ಮಾಸುರನಿಗೆ ಕೊಟ್ಟ ಶಿವನೇ ಓಡಬೇಕಾಯಿತು. ಹಿರಣ್ಯಕಶಿಪುವಿನ ವರದಲ್ಲಿ ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಒಳಗೂ ಅಲ್ಲ, ಹೊರಗೂ ಅಲ್ಲ. ಉಳಿದದ್ದು ಮುಸ್ಸಂಜೆ, ಹೊಸ್ತಿಲು. ಕಥೆ ಕಟ್ಟಿದವನು ಮನಸ್ಸಿಗೆ ಬಂದಂತೆ ರಾಕ್ಷಸನನ್ನು ಕೊಲ್ಲಿಸಲಿಲ್ಲ, ವರದ ಸಂದಿಯಲ್ಲೇ ಕೊಲ್ಲಿಸಿದ. ಮಾಯೆಯ ನಿಯಮ ಓದುಗನಿಗೆ ಎಷ್ಟು ತಿಳಿದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಲೇಖಕ ಮಾಯೆಯಿಂದ ಕಥೆಯ ಗಂಟು ಬಿಡಿಸಬಹುದು ಎಂದು ಮೇಲೆ ಹೇಳಿದ ಸ್ಯಾಂಡರ್ಸನ್ 2007ರಲ್ಲಿ ಒಂದು ಸೂತ್ರ ಬರೆದ. ನರಸಿಂಹನ ಕಥೆ ಆ ಸೂತ್ರಕ್ಕೆ ಬೇಕಾದಷ್ಟು ಮೊದಲೇ ಸರಿಹೊಂದಿ ಕೂತಿತ್ತು.

ಖಾತೆಯ ತಕರಾರು ಅತಿ ಬಿಸಿಯೇರುವುದು ರೇಣುಕೆಯ ವಿಷಯಕ್ಕೆ ಬಂದಾಗ. ಹಸಿ ಮರಳಿನ ಕೊಡ, ಹಾವಿನ ಸಿಂಬಿ. ಅವಳು ನೀರು ತರುತ್ತಿದ್ದದ್ದು ಹಾಗೆ. ಗಂಧರ್ವರ ಜಲಕ್ರೀಡೆಯ ಮೇಲೆ ಒಂದು ಗಳಿಗೆ ಮನಸ್ಸು ಹೋಯಿತು, ಕೊಡ ಕರಗಿತು. ಆ ಬಲ ಪಾತಿವ್ರತ್ಯದ್ದು, ಅಂದರೆ ಗಂಡನ ಹೆಸರಿನಲ್ಲಿದ್ದ ಬಲ. ಅದಕ್ಕೇ ಹೋಯಿತು ಎಂಬುದು ಹರದೇಶಿಯ ಪಟ್ಟು. ಮಗ ಪರಶುರಾಮ ತಲೆ ಕಡಿದು, ತಂದೆಯಿಂದಲೇ ವರ ಪಡೆದು ತಾಯಿಯನ್ನು ಬದುಕಿಸಿಕೊಂಡ ಎಂಬುದನ್ನೂ ಅವರು ಸೇರಿಸುತ್ತಾರೆ. ನಾಗೇಶಿಗೆ ಇಲ್ಲಿ ಪುರಾಣದ ಆಧಾರ ತೆಳುವು ಎಂದೇ ನನ್ನ ಅಂದಾಜು. ಆದರೆ ಪುರಾಣದ ಹೊರಗಿನ ಸಾಕ್ಷಿ ಕೈಯಲ್ಲಿದೆ: ಸವದತ್ತಿಯ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವ ಜನ ‘ಉಧೋ ಉಧೋ’ ಎನ್ನುವುದು ಯಲ್ಲಮ್ಮನಾದ ರೇಣುಕೆಗೆ, ಅವಳ ಗಂಡ ಜಮದಗ್ನಿಗಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಇದು ಆಟದ ನಿಯಮ ಮೀರಿದ ಉತ್ತರ. ಸಭೆ ಮಾತ್ರ ಕೇಕೆ ಹಾಕುತ್ತದೆ.

ಈ ಸೀಮೆಯ ವಿಶೇಷವೆಂದರೆ ಇಲ್ಲಿಯ ಕಥಾಲೋಕ ಒಂದೇ ಅಲ್ಲ. ಬಸವನ ಬಾಗೇವಾಡಿ ಬಸವಣ್ಣನ ಊರು. ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದ ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನದು. ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣೆಯ ದಂಡೆಯ ತಂಗಡಗಿ ಬಸವಣ್ಣನ ಹೆಂಡತಿ ನೀಲಮ್ಮನದು. ಶರಣರ ಕಥೆಗಳನ್ನು ಹರಿಹರ, ಪಾಲ್ಕುರಿಕೆ ಸೋಮನಾಥ, ಭೀಮಕವಿ, ಚಾಮರಸ, ಶೂನ್ಯಸಂಪಾದನೆಯ ಸಂಪಾದಕರು ಒಬ್ಬರ ನಂತರ ಒಬ್ಬರು ಹೇಳಿದರು. ಪಾತ್ರಗಳು ಅವೇ, ಪವಾಡದ ನಿಯಮ ಬೇರೆ. ಹರಿಹರನ ಅಲ್ಲಮ ಮದ್ದಳೆ ಬಾರಿಸುವ ಪ್ರೇಮಿ; ಪ್ರೇಯಸಿ ಕಾಮಲತೆ ಸತ್ತ ದುಃಖದಲ್ಲಿ ಅಲೆದು ಅನಿಮಿಷನೆಂಬ ಯೋಗಿಯಿಂದ ಲಿಂಗ ಪಡೆಯುತ್ತಾನೆ. 15ನೇ ಶತಮಾನದ ಚಾಮರಸನಿಗೆ ಈ ಅಲ್ಲಮ ಒಪ್ಪಿಗೆಯಾಗಲಿಲ್ಲ. ಅವನ ಪ್ರಭುಲಿಂಗಲೀಲೆಯಲ್ಲಿ ಕಥೆ ಕೈಲಾಸದಲ್ಲಿ ಶಿವ–ಪಾರ್ವತಿಯರ ಪಂಥದಿಂದ ಶುರುವಾಗುತ್ತದೆ: ನನ್ನ ಮಾಯೆಗೆ ಸಿಗದವರಿಲ್ಲ ಎಂದು ಪಾರ್ವತಿ, ಅಲ್ಲಮ ಸಿಗುವುದಿಲ್ಲ ಎಂದು ಶಿವ. ಪಾರ್ವತಿಯ ತಾಮಸ ಕಳೆ ಬನವಾಸಿಯಲ್ಲಿ ಮಾಯೆಯಾಗಿ ಹುಟ್ಟಿ ಅಲ್ಲಮನನ್ನು ಬಯಸಿ ಸೋಲುತ್ತದೆ.

ಹರದೇಶಿ–ನಾಗೇಶಿ ವಾದವನ್ನು ಕಾವ್ಯದ ಚೌಕಟ್ಟಾಗಿಯೇ ಕಟ್ಟಿದಂತಿದೆ ಇದು. ಮೇಲ್ನೋಟಕ್ಕೆ ಹರದೇಶಿಗೆ ಪೂರ್ಣ ಜಯ. ಆದರೆ ಪುಸ್ತಕ ಅಲ್ಲಿಗೆ ಮುಗಿಯುವುದಿಲ್ಲ. ಪಾರ್ವತಿಯ ಸಾತ್ತ್ವಿಕ ಕಳೆ ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟುತ್ತದೆ, ಮಾಯೆಗೆ ಮಣಿಯದ ಅದೇ ಅಲ್ಲಮ ಕಲ್ಯಾಣದಲ್ಲಿ ಅವಳ ನಿಲುವಿಗೆ ತಲೆದೂಗುತ್ತಾನೆ. ಪಂಥದಲ್ಲಿ ಸೋತದ್ದು ಶಕ್ತಿಯ ಒಂದು ಕಳೆ ಮಾತ್ರ ಎಂದು ನಾಗೇಶಿ ಹಿಡಿಯಬಹುದು. ನನ್ನನ್ನು ಕೇಳಿದರೆ ಅವರ ಬತ್ತಳಿಕೆಯ ಅತ್ಯುತ್ತಮ ಬಾಣ ಇದೇ.

ಇನ್ನು ಶೂನ್ಯಸಂಪಾದನೆಯಲ್ಲಿ ಗೋರಕ್ಷ ಎದುರಾಗುವ ಪ್ರಸಂಗ ಇಡೀ ಖಾತೆ ಪುಸ್ತಕವನ್ನೇ ಹರಿದು ಹಾಕುತ್ತದೆ. ಗೋರಕ್ಷ ಕಾಯಸಿದ್ಧಿ ಪಡೆದವ, ಕತ್ತಿ ಬೀಸಿದರೆ ಮೈ ಖಣಿಲೆನ್ನುತ್ತದೆ, ಕೂದಲೂ ಕೊಂಕುವುದಿಲ್ಲ. ಅಲ್ಲಮನ ಮೇಲೆ ಬೀಸಿದರೆ ಕತ್ತಿ ಬಯಲಲ್ಲಿ ಆಡಿದಂತೆ ಆಚೆ ಹೋಗುತ್ತದೆ, ಸದ್ದೇ ಇಲ್ಲ. ಕೂಡಿಟ್ಟ ಬಲ ಎಷ್ಟೇ ಗಟ್ಟಿಯಾದರೂ ಅದು ‘ನನ್ನದು’ ಎಂಬ ಗಂಟಿಗೆ ಬಿಗಿದದ್ದು. ಗಂಟೇ ಇಲ್ಲದವನನ್ನು ಯಾವುದು ತಾಗೀತು? ಇಲ್ಲಿಂದಾಚೆ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡುವುದು ಕಷ್ಟ. ತಂಗಡಗಿಯ ನೀಲಮ್ಮನ ಕಥೆಯೂ ಹಾಗೆಯೇ. ಬಸವಣ್ಣ ಕೂಡಲಸಂಗಮಕ್ಕೆ ಕರೆಸಿದಾಗ, ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಕೇಳಿ ಅವಳು ತಂಗಡಗಿಯಲ್ಲೇ ಐಕ್ಯಳಾದಳು ಎನ್ನುತ್ತಾರೆ. ಗಂಡನಿಂದ ಬಂದ ಬಲ ಎಂಬ ಹರದೇಶಿ ಸೂತ್ರ ಇಲ್ಲಿ ನಡೆಯುವುದಿಲ್ಲ. ಅವಳು ಹೊಳೆಯನ್ನೇ ದಾಟಲಿಲ್ಲ.

ಈ ಹಾಡುಗಾರರನ್ನು ಓದುಬರಹದ ಜಗತ್ತು ಗಂಭೀರವಾಗಿ ಕಂಡದ್ದು ತಡವಾಗಿ. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರ ಗೆಳೆಯರ ಗುಂಪು ಊರೂರಿನ ಹಾಡು ಕೂಡಿಸಿತು. 1931ರಲ್ಲಿ ಗರತಿಯ ಹಾಡು ಬಂತು, ಆಮೇಲೆ ಲಾವಣಿಗಳ ಜೀವನ ಸಂಗೀತ. ಅದೇ ಹಲಸಂಗಿಯ ಖಾಜಾಭಾಯಿ ಹೆಸರಾದ ಲಾವಣಿಕಾರ. ಶಿವ–ಶಕ್ತಿಯರ ಸೂಕ್ಷ್ಮ ತಿಳಿದು ಹಾಡಲು ಯಾವ ಜಾತಿಯಲ್ಲಿ ಹುಟ್ಟಬೇಕು ಎಂದು ಆ ಊರಲ್ಲಿ ಯಾರೂ ಕೇಳಿದಂತಿಲ್ಲ.

ಈಗ ಮೊಬೈಲಿನಲ್ಲಿ ಹರಿದಾಡುವ ತುಣುಕುಗಳಲ್ಲಿ ಬೈಗುಳವೇ ಹೆಚ್ಚು, ಪ್ರಸಂಗ ಕಡಿಮೆ. ರಾತ್ರಿಯಿಡೀ ಕಟ್ಟಿದ ವಾದದಲ್ಲಿ ಎರಡು ನಿಮಿಷ ಕತ್ತರಿಸಿದರೆ ಉಳಿಯುವುದು ಖಾರ ಮಾತ್ರ. ದೂರು ಹಾಡುವವರ ಮೇಲಷ್ಟೇ ಹೊರಿಸುವಂತಿಲ್ಲ. ಇಲ್ಲಿ ತೀರ್ಪುಗಾರ ಕೇಳುಗ. ಯೋಗನಿದ್ರೆಯ ಕಥೆ ಅವನಿಗೆ ಗೊತ್ತಿಲ್ಲದಿದ್ದರೆ ಶುಂಭನ ಏಟು ಎಲ್ಲಿ ಬಿತ್ತು ಎಂದು ಹೇಗೆ ತಿಳಿದಾನು?

ಬೆಳಗಿನ ಜಾವಕ್ಕೆ ಅರ್ಧನಾರೀಶ್ವರನನ್ನು ನೆನೆದು ಇಬ್ಬರೂ ಸಮ ಎಂದುಬಿಟ್ಟರೆ ಜಗಳ ತೀರಿತು ಎಂದು ಅನೇಕರು ಎಣಿಸುತ್ತಾರೆ. ಅದು ಸೌಜನ್ಯ, ಉತ್ತರವಲ್ಲ. ಭೃಂಗಿ ಋಷಿಯ ಕಥೆ ಇನ್ನೂ ಬಾಕಿ ಇದೆ. ಶಿವನಿಗೆ ಮಾತ್ರ ಪ್ರದಕ್ಷಿಣೆ ಎಂದು ಹಟ ಹಿಡಿದ ಅವನು, ಇಬ್ಬರೂ ಒಂದೇ ಮೈಯಾದಾಗ ದುಂಬಿಯಾಗಿ ನಡುವೆ ಕೊರೆದು ಹೋಗಲು ನೋಡಿದ. ಪಾರ್ವತಿ ತಾಯಿಯಿಂದ ಬಂದ ಅವನ ರಕ್ತ ಮಾಂಸವನ್ನು ಹಿಂದಕ್ಕೆ ಪಡೆದಳು; ತಂದೆಯಿಂದ ಬಂದ ಎಲುಬು ಉಳಿಯಿತು, ನಿಲ್ಲಲಾರದೆ ಕುಸಿದ. ಶಿವ ಮೂರನೆಯ ಕಾಲು ಕೊಟ್ಟು ನಿಲ್ಲಿಸಿದ. ನಿಂತದ್ದು ಯಾರ ಬಲದಿಂದ ಎಂದು ಹರದೇಶಿ ಕೇಳಿದರೆ, ಆ ಮೂರನೆಯ ಕಾಲಿನ ಮೇಲಾದರೂ ಮಾಂಸ ಇತ್ತೇನು ಎಂದು ನಾಗೇಶಿ ಕೇಳದೆ ಬಿಡುವುದಿಲ್ಲ.