ನೀರೊಲ್ಲದ ಸಿಲಿಕಾ

ಏರೋಜೆಲ್ ಎಂದೊಡನೆ ಎಲ್ಲರೂ ಅದರ ಹಗುರತನಕ್ಕೆ ಮರುಳಾಗುತ್ತಾರೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬರೀ ಗಾಳಿಯೇ ಆಗಿರುವ ಘನವಸ್ತು ಅದು, ಮರುಳಾಗುವುದು ಸಹಜ. ನನ್ನನ್ನು ಕಾಡುವುದು ಮಾತ್ರ ಅದಕ್ಕೂ ನೀರಿಗೂ ಇರುವ ಹಗೆ.

ಏರೋಜೆಲ್ ಆಗಬೇಕಾದ ಒದ್ದೆ ಸಿಲಿಕಾ ಜೆಲ್ಲನ್ನು ಸುಮ್ಮನೆ ಆರಲು ಬಿಟ್ಟರೆ ರಂಧ್ರಗಳಿಂದ ಹಿಂದೆ ಸರಿಯುವ ದ್ರವ ಗೋಡೆಗಳನ್ನೂ ಎಳೆದುಕೊಂಡು ಹೋಗುತ್ತದೆ. ಜೆಲ್ ಮುದುಡಿ ಬಿರುಕು ಬಿಡುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಟ್ಲರ್ 1931ರಲ್ಲಿ ಇದಕ್ಕೊಂದು ದಾರಿ ತೋರಿಸಿದರು: ನೀರಿನ ಬದಲು ಆಲ್ಕೊಹಾಲ್ ತುಂಬಿಸಿ, ಮುಚ್ಚಿದ ಪಾತ್ರೆಯಲ್ಲಿ ದ್ರವಕ್ಕೂ ಆವಿಗೂ ಭೇದವೇ ಅಳಿಯುವಷ್ಟು ಕಾಯಿಸಿ, ಮೆಲ್ಲಗೆ ಹೊರಬಿಡುವುದು. ಎಥನಾಲ್‌ಗಾದರೆ 241 ಡಿಗ್ರಿ ಸೆಲ್ಸಿಯಸ್, ಅರವತ್ತು ಪಟ್ಟು ವಾಯುಭಾರ. ಹುಡುಗಾಟದ ಕೆಲಸವಲ್ಲ, 1984ರಲ್ಲಿ ಸ್ವೀಡನ್ನಿನ ಕಾರ್ಖಾನೆಯೊಂದು ಮೆಥನಾಲ್ ಸೋರಿ ಸ್ಫೋಟಗೊಂಡಿತು.

ಇಷ್ಟು ಪಾಡುಪಟ್ಟು ಒಣಗಿಸಿದ ಸಿಲಿಕಾ ಕೂಡ ತೇವದ ಗಾಳಿಗೆ ಕ್ರಮೇಣ ಹಾಳಾಗುತ್ತದೆ. ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳಿಗೆ ನೀರೆಂದರೆ ಅಷ್ಟು ಒಲವು. ಅವುಗಳ ಹೈಡ್ರೋಜನ್ ಜಾಗಕ್ಕೆ ಟ್ರೈಮಿಥೈಲ್‌ಸಿಲೈಲ್ ಗುಂಪು ಕೂರಿಸಿದರೆ ಆ ಒಲವು ಮುಗಿಯಿತು. ಜೆಲ್ಲನ್ನು ಹೆಕ್ಸೇನ್ ಮತ್ತು ಟ್ರೈಮಿಥೈಲ್‌ಕ್ಲೋರೋಸಿಲೇನ್ ಮಿಶ್ರಣದಲ್ಲಿ ಮುಳುಗಿಸಿಟ್ಟಾಗ ಒಳಗಿನ ನೀರು ತಾನಾಗಿ ಹೊರಬಿದ್ದು, ಹೆಕ್ಸೇನಿನ ಕೆಳಗೆ ಬೇರೆಯೇ ಪದರವಾಗಿ ನಿಲ್ಲುವುದು ನೋಡುವಂಥದ್ದು. ಇನ್ನೂ ಸೊಗಸಿನ ಸಂಗತಿ ಮುಂದಿದೆ. ಇಂಥ ಜೆಲ್ಲನ್ನು ಮಾಮೂಲಿ ಒತ್ತಡದಲ್ಲೇ ಒಣಗಿಸಬಹುದು. ಮೊದಲು ಕುಗ್ಗುತ್ತದೆ, ಆದರೆ ಮಿಥೈಲ್ ಹೊದ್ದ ಗೋಡೆಗಳು ಒಂದಕ್ಕೊಂದು ಬೆಸೆದುಕೊಳ್ಳಲಾರವು, ಹಾಗಾಗಿ ಮತ್ತೆ ಹಿಗ್ಗುತ್ತದೆ. ತೇವ ತಡೆಯುವ ಉಪಾಯವೇ ಒತ್ತಡದ ಪಾತ್ರೆಯ ಹಂಗನ್ನೂ ತಪ್ಪಿಸಿತು. ಹಗುರತನದ ದಾಖಲೆಗಳಿಗಿಂತ ಇದು ದೊಡ್ಡದೆಂದು ನನ್ನ ಎಣಿಕೆ.

ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲೂ ಈ ವಿದ್ಯೆ ಬೆಳೆದಿದೆ. ಶಿವಾಜಿ ವಿಶ್ವವಿದ್ಯಾಲಯದ ಎ. ವೆಂಕಟೇಶ್ವರ ರಾವ್ ಮತ್ತು ಸಂಗಡಿಗರು, ಹುಟ್ಟಿನಿಂದಲೇ ಮಿಥೈಲ್ ಹೊತ್ತ ಸಿಲೇನಿನಿಂದ ರಬ್ಬರಿನಂತೆ ಬಾಗುವ ಏರೋಜೆಲ್ ತಯಾರಿಸಿ 2006ರಲ್ಲಿ ಪ್ರಕಟಿಸಿದರು.

ಏರೋಜೆಲ್ ನಿಜಕ್ಕೂ ನೀರನ್ನು ಒಲ್ಲದೇ ಎಂದು ಪರೀಕ್ಷಿಸಲು ಮೊದಲಿಗೆ ಒಂದು ಹನಿ ನೀರು. ಕೆಸುವಿನೆಲೆಯ ಮೇಲಿನಂತೆ ಗುಂಡಾಗಿ ನಿಂತು, ಸ್ಪರ್ಶಕೋನ 150 ಡಿಗ್ರಿ ದಾಟಿದರೆ ಸಂತೋಷ. ಆದರೆ ಹನಿ ಹೇಳುವುದು ಹೊರಮೈಯ ಮಾತು ಮಾತ್ರ. ಒಳಗಿನ ಸುದ್ದಿಗೆ ಅವಕೆಂಪು ರೋಹಿತ ಬೇಕು: ಸೆಂಟಿಮೀಟರಿಗೆ 3400 ಅಲೆಗಳ ಸುತ್ತಿನ ಹೈಡ್ರಾಕ್ಸಿಲ್ ಪಟ್ಟಿ ಕುಗ್ಗಿ, 1260ರ ಬಳಿ ಮಿಥೈಲಿನ ಗುರುತು ಎದ್ದಿರಬೇಕು. ಕೊನೆಗೆ ಕಾಯಿಸಿ ನೋಡುವುದು. ಗಾಳಿಯಲ್ಲಿ 300 ಡಿಗ್ರಿ ದಾಟಿ ಏರುತ್ತಾ ಹೋದಂತೆ ಮಿಥೈಲ್ ಉರಿದುಹೋಗಿ, ಸಿಲಿಕಾ ಮತ್ತೆ ನೀರು ಕುಡಿಯತೊಡಗುತ್ತದೆ. ಅತಿ ಬಿಸಿಯಾದ ಕೊಳವೆಗೆ ಸುತ್ತಿದ ಏರೋಜೆಲ್ ಹೊದಿಕೆಯ ಒಳಮಗ್ಗುಲಲ್ಲಿ ಆಗುವುದೂ ಇದೇ.